ತೂಕದ ಕಲ್ಲೇ ಸವೆದಿದ್ದರೆ?

ನಮಸ್ಕಾರ. ಎಂಆರ್ ಸ್ಪೆಕ್ಟ್ರೋಸ್ಕೋಪಿ (ಎಂಆರ್‌ಐ ಯಂತ್ರದಲ್ಲೇ ಮೆದುಳಿನ ರಾಸಾಯನಿಕಗಳನ್ನು ಅಳೆಯುವ ವಿಧಾನ) ಬಗ್ಗೆ ನೀವು ಸೇಡಂನಿಂದ ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ತೆಗೆಯಿರಿ. ‘ಇಂದಿನ ವಿಜ್ಞಾನ ಯುಗದಲ್ಲಿ’ ಅಂತ ಕಂಡ ಕೂಡಲೇ ಓದುವವರು ಎದ್ದು ಹೋಗುತ್ತಾರೆ. ನಿಮ್ಮ ಕಾಕಾ ಸ್ಕ್ಯಾನ್ ಕೋಣೆಯಿಂದ ಬಂದು ‘ಒಳಗ ಡೊಳ್ಳು ಬಾರಿಸ್ದಂಗ ಆಯ್ತು’ ಅಂದರಲ್ಲ, ಅಲ್ಲಿಂದ ಶುರು ಮಾಡಿ.

ಈಗ ಅಸಲು ತಕರಾರು. ‘ನರಕೋಶದ ಎನ್‌ಎಎ 9 ಮಿಲಿಮೋಲ್ ಎಂದು ಯಂತ್ರ ತೋರಿಸುತ್ತದೆ’ ಎಂದಿದ್ದೀರಿ. ಎನ್‌ಎಎ ಅಂದರೆ ನರಕೋಶಗಳಲ್ಲಿ ಹೆಚ್ಚಾಗಿರುವ ಒಂದು ರಾಸಾಯನಿಕ. ಯಂತ್ರ ಅದನ್ನು ಹಾಗೆ ನೇರವಾಗಿ ತೋರಿಸುವುದಿಲ್ಲ ರೀ. ಬರುವುದು ಗುಡ್ಡ ಗುಡ್ಡವಾದ ಒಂದು ಗೆರೆ. ಗುಡ್ಡದ ಕೆಳಗಿನ ಕ್ಷೇತ್ರಫಲ ಅಳೆದು (ಎತ್ತರ ಅಲ್ಲ, ಅದನ್ನೂ ತಿದ್ದಿ) ಬೇರೆ ಯಾವುದಕ್ಕೋ ಹೋಲಿಸಿದ ಮೇಲೆ ಆ 9 ಸಿಗುತ್ತದೆ. ಯಾವುದಕ್ಕೆ ಹೋಲಿಸಿದರು? ಲೇಖನದ ಜೀವ ಇರುವುದೇ ಇಲ್ಲಿ. ನೀವೋ ಮೆದುಳಿನದೇ ಇನ್ನೊಂದು ರಾಸಾಯನಿಕವಾದ ಕ್ರಿಯೇಟಿನ್‌ಗೆ ಹೋಲಿಸಿ, ‘ಕ್ರಿಯೇಟಿನ್ ಬದಲಾಗದು’ ಅಂತ ಒಂದೇ ಸಾಲಿನಲ್ಲಿ ದಾಟಿದ್ದೀರಿ. ಬದಲಾಗುತ್ತದೆ. ಗಡ್ಡೆ ಇದ್ದ ಜಾಗದಲ್ಲಿ ಕಡಿಮೆಯಾಗಬಹುದು. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತೂಗುವ ಕಲ್ಲೇ ಸವೆದಿದ್ದರೆ ಚೀಲ ಭಾರ ಕಂಡದ್ದು ಯಾಕೆ ಅಂತ ಹೇಳೋದು ಹೇಗೆ?

ಅದಕ್ಕೇ ಎಷ್ಟೋ ಕಡೆ ನೀರನ್ನೇ ಕಲ್ಲು ಮಾಡಿಕೊಳ್ಳುತ್ತಾರೆ. ಶುದ್ಧ ನೀರು ಲೀಟರಿಗೆ 55 ಮೋಲ್, ಎನ್‌ಎಎ 10 ಮಿಲಿಮೋಲ್ ಆಸುಪಾಸು. ನೀರಿನ ಸಂಕೇತ ಅಡಗಿಸದಿದ್ದರೆ ಉಳಿದದ್ದು ಕಾಣುವುದೇ ಕಷ್ಟ. ಹಾಗಾಗಿ ಅಡಗಿಸಿ ಒಮ್ಮೆ, ಅಡಗಿಸದೆ ಇನ್ನೊಮ್ಮೆ ಅಳೆಯುತ್ತಾರೆ. ಆಗಲೂ ಮೋಸ ಹೋಗಬಹುದು. ಅಳೆದ ಜಾಗದ ಕಾಲು ಭಾಗ ಮೆದುಳಿನ ದ್ರವವೇ ಆಗಿದ್ದರೆ? ಅದರಲ್ಲಿ ಎನ್‌ಎಎ ಇಲ್ಲವೆಂದರೂ ಆದೀತು. ಅಂಗಾಂಶದಲ್ಲಿ 12 ಇದ್ದದ್ದು ಸರಾಸರಿಯಲ್ಲಿ 9 ಆಗುತ್ತದೆ. ನಿಮ್ಮ ಕಾಕಾಗೆ ಎಪ್ಪತ್ತು ದಾಟಿದೆ. ವಯಸ್ಸಾದಂತೆ ಮೆದುಳು ಕುಗ್ಗಿ ದ್ರವ ಜಾಸ್ತಿ ಆಗುತ್ತದೆ. ಇದನ್ನು ತಿದ್ದದೆ ‘ನರಕೋಶ ಸತ್ತಿವೆ’ ಅಂದರೆ ಸುಮ್ನೆ ಹೆದರಿಸಿದಂತೆ ಅಲ್ವಾ?

ಕೊನೆಯ ಪುಟದಲ್ಲಿ ಎರಡು ವರದಿ ಪಕ್ಕಪಕ್ಕ ಇಟ್ಟು ‘ಚೇತರಿಕೆ’ ಅಂದಿದ್ದೀರಿ. ಒಂದರ ಎಕೋ ಟೈಮ್ (ರೇಡಿಯೋ ಮಿಡಿತ ಕೊಟ್ಟ ಮೇಲೆ ಸಂಕೇತ ಹಿಡಿಯುವವರೆಗಿನ ಕಾಲ) 30 ಮಿಲಿಸೆಕೆಂಡ್, ಇನ್ನೊಂದರದು 144. ಒಂದೊಂದು ವಸ್ತುವಿನ ಸಂಕೇತ ಒಂದೊಂದು ವೇಗದಲ್ಲಿ ಇಳಿಯುತ್ತದೆ. ಆ ಲೆಕ್ಕ ಹಾಕದೆ ಹೋಲಿಸಬಾರದು. 144ರಲ್ಲಿ, ಗೆರೆಯ ಅಡಿಯ ಅಳತೆಪಟ್ಟಿಯ 1.3 ಪಿಪಿಎಂ ಹತ್ತಿರ ತಲೆಕೆಳಗಾದ ಜೋಡಿ ಗುಡ್ಡವನ್ನು ‘ಯಂತ್ರದ ದೋಷ’ ಎಂದು ಬರೆದದ್ದು ಓದಿ ನಕ್ಕುಬಿಟ್ಟೆ, ಬೇಜಾರಾಗಬೇಡಿ. ಕೆಮಿಸ್ಟ್ರಿ ಮೇಷ್ಟ್ರ ಹಳೇ ಚಟ. ಆ ಜೋಡಿ ಗುಡ್ಡ ಲ್ಯಾಕ್ಟೇಟ್‌ನದು, ಆಮ್ಲಜನಕ ಸಾಲದಾಗ ಹೆಚ್ಚುವ ವಸ್ತು. ಆ ಎಕೋ ಟೈಮಿನಲ್ಲಿ ಉಲ್ಟಾ ಬರುವುದೇ ಅದರ ಗುರುತು.

ವರದಿಯ ಚಿತ್ರ ಕಳಿಸುವಾಗ ಕಾಕಾ ಅವರ ಹೆಸರು ಅಳಿಸಿ. ತೊಗರಿ ರಾಶಿ ಮುಗಿಸಿಕೊಂಡೇ ಬರೆಯಿರಿ, ಅವಸರ ಇಲ್ಲ.

ಸಂಪಾದಕ, ಕಲಬುರಗಿ