ಅವರು ದಿನಾ ನೋಡ್ತಾರೆ, ನಾನು ದಿನಾ ತೋರಿಸ್ತೀನಾ?

ಈ ಪ್ರಕರಣ ಬರೆಯಲು ಕಾರಣವಿದೆ. ವೈದ್ಯಕೀಯ ಪರೀಕ್ಷೆಗೆ ಹೆದರಿ ಹಿಂದೆ ಸರಿಯುವವರು ಆಪ್ತಸಲಹೆಗೆಂದು ನನ್ನ ಬಳಿ ಮತ್ತೆ ಮತ್ತೆ ಬರುತ್ತಿದ್ದಾರೆ. ಕೊಲೊನೋಸ್ಕೋಪಿ, ಎಂಆರ್‌ಐ, ಬಯಾಪ್ಸಿ ಎಂದು ಪರೀಕ್ಷೆಯ ಹೆಸರು ಮಾತ್ರ ಬದಲಾಗುತ್ತದೆ. ವೈದ್ಯರು ಬರೆದುಕೊಟ್ಟಿರುತ್ತಾರೆ, ದಿನ ನಿಗದಿ ಆಗಿರುತ್ತದೆ, ಹಿಂದಿನ ದಿನ ಇವರೇ ಫೋನ್ ಮಾಡಿ ಬೇಡ ಅಂದಿರುತ್ತಾರೆ. ಮನೆಯವರಿಗೆ ಹೇಳಿ ಹೇಳಿ ಸಾಕಾಗಿರುತ್ತದೆ. ಈ ವ್ಯಕ್ತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ 56 ವರ್ಷ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಎಂದು ನೋಡುವ ಪರೀಕ್ಷೆ ಪಾಸಿಟಿವ್ ಬಂದಿತ್ತು. ಹಾಗೆ ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದೇನೂ ಇಲ್ಲ. ಮೂಲವ್ಯಾಧಿಯಿಂದಲೂ ಬರಬಹುದು, ಕರುಳಿನ ಒಳಗೆ ಬೆಳೆದ ಸಣ್ಣ ಗಂಟಿನಿಂದಲೂ ಬರಬಹುದು. ಈ ಗಂಟನ್ನು ಪಾಲಿಪ್ ಅನ್ನುತ್ತಾರೆ. ಕಾರಣ ಏನೆಂದು ತಿಳಿಯಲು ದೊಡ್ಡ ಕರುಳನ್ನು ಒಳಗಿನಿಂದ ನೋಡಬೇಕು, ಅದೇ ಕೊಲೊನೋಸ್ಕೋಪಿ. ಅವರು ಎರಡು ಸಲ ದಿನ ತೆಗೆದುಕೊಂಡು ಎರಡೂ ಸಲ ಹಿಂದೆ ಸರಿದಿದ್ದರು. ಮಗಳು ಒತ್ತಾಯ ಮಾಡಿ ಕರೆತಂದಿದ್ದಳು.

ಮೊದಲ ಭೇಟಿಯಲ್ಲಿ ನಾನು ಮಾಹಿತಿ ಕೊಟ್ಟೆ. ಒಳಗೆ ಹೋಗುವುದು ಬೆರಳು ದಪ್ಪದ, ಬಾಗುವ ಕೊಳವೆ. ದೊಡ್ಡ ಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ಪರೀಕ್ಷೆಗೆ ಸಾಮಾನ್ಯವಾಗಿ ಅರ್ಧ ಗಂಟೆ, ಕೆಲವರಿಗೆ ಸ್ವಲ್ಪ ಜಾಸ್ತಿ. ಮಂಪರು ಬರುವ ಔಷಧಿ ಕೊಡುತ್ತಾರೆ. ಪಾಲಿಪ್ ಕಂಡರೆ ಹೆಚ್ಚಿನ ಸಲ ಅಲ್ಲೇ ತೆಗೆಯುತ್ತಾರೆ. ತೆಗೆದಾಗ ನೋವು ಗೊತ್ತಾಗುವುದಿಲ್ಲ, ಯಾಕೆಂದರೆ ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲ. ಗಾಳಿ ತುಂಬಿ ಕರುಳು ಹಿಗ್ಗಿದಾಗ ಹೊಟ್ಟೆ ಹಿಡಿದುಕೊಂಡಂತೆ ಆಗುತ್ತದೆ, ಅಷ್ಟೆ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಬೇಕು. ಹಾಗಾಗಿ ಈ ಪರೀಕ್ಷೆ ಕಾಯಿಲೆ ಹುಡುಕುವುದರ ಜೊತೆಗೆ ಕಾಯಿಲೆ ಬಾರದಂತೆ ತಡೆಯಲೂ ಬಲ್ಲದು.

ಅವರು ಕೇಳಿಸಿಕೊಂಡರು. "ಗೊತ್ತು ಮೇಡಂ" ಅಂದರು. ನಿಜವಾಗಿಯೂ ಗೊತ್ತಿತ್ತು. ಹೊಟ್ಟೆ ಖಾಲಿ ಮಾಡುವ ಔಷಧಿಯನ್ನು ಅರ್ಧ ಹಿಂದಿನ ಸಂಜೆ, ಇನ್ನರ್ಧ ಅದೇ ದಿನ ಪರೀಕ್ಷೆಗೆ ಕೆಲವು ಗಂಟೆ ಮುಂಚೆ ಕುಡಿದರೆ ಕರುಳು ಚೆನ್ನಾಗಿ ಸ್ವಚ್ಛ ಆಗುತ್ತದೆ ಎಂದು ಅವರೇ ನನಗೆ ವಿವರಿಸಿದರು. ಕರುಳಿಗೆ ತೂತು ಬೀಳುವ ಅಪಾಯ ತುಂಬ ಅಪರೂಪ ಅನ್ನುವುದೂ ಅವರಿಗೆ ತಿಳಿದಿತ್ತು. ಇಷ್ಟೆಲ್ಲ ತಿಳಿದವರು ಎರಡು ಸಲ ಯಾಕೆ ಹಿಂದೆ ಸರಿದರು? ಆ ದಿನ ನಾನು ಆ ಪ್ರಶ್ನೆ ಕೇಳಲೇ ಇಲ್ಲ. ಅದು ನನ್ನ ತಪ್ಪು.

ಎರಡನೆಯ ಭೇಟಿಯಲ್ಲಿ ಮಗಳನ್ನು ಹೊರಗೆ ಕೂರಲು ಹೇಳಿದೆ. "ಆ ದಿನ ಬೆಳಿಗ್ಗೆ ಎದ್ದಾಗಿನಿಂದ ಏನೇನು ಆಗುತ್ತೆ, ಒಂದೊಂದೇ ಹೇಳ್ತಾ ಬನ್ನಿ" ಅಂದೆ. ಎಲ್ಲಿ ನಿಲ್ಲುತ್ತಾರೋ ನೋಡೋಣ ಅಂತ.

ಔಷಧಿಯ ರುಚಿ, ಮತ್ತೆ ಮತ್ತೆ ಶೌಚಾಲಯಕ್ಕೆ ಓಡುವುದು, ಆಸ್ಪತ್ರೆಗೆ ಹೋಗುವುದು, ಸಹಿ ಮಾಡುವುದು, ಬಟ್ಟೆ ಬದಲಿಸುವುದು. ಎಲ್ಲೂ ತಡವರಿಸದೆ ಹೇಳಿದರು. "ಆಮೇಲೆ ಎಡ ಮಗ್ಗುಲಿಗೆ ಮಲಗಿ ಅಂತಾರೆ" ಅಂದವರು ಸುಮ್ಮನಾದರು. ಎರಡೂ ಕೈ ಮೊಣಕಾಲು ಹಿಡಿದುಕೊಂಡಿದ್ದವು.

ನಾನು, ಎಲ್ಲರೂ ಹೇಳುವ ಮಾತನ್ನೇ ಹೇಳಿಬಿಟ್ಟೆ. "ಸಂಕೋಚ ಬೇಡಿ. ಅವರು ದಿನಾ ನೋಡ್ತಾರೆ, ಅವರಿಗೆ ಇದೆಲ್ಲ ಏನೂ ಅನ್ನಿಸಲ್ಲ."

ಅವರು ತಲೆ ಎತ್ತಿದರು. "ಅವರು ದಿನಾ ನೋಡ್ತಾರೆ ಮೇಡಂ. ನಾನು ದಿನಾ ತೋರಿಸ್ತೀನಾ?"

ಧ್ವನಿಯಲ್ಲಿ ಕೋಪ ಇರಲಿಲ್ಲ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಶುರು ಮಾಡಿದರು. ಹನ್ನೆರಡು ವರ್ಷದ ಹಿಂದೆ ಅವರಿಗೆ ಬಾಯಿಂದ ಕೊಳವೆ ಹಾಕುವ ಎಂಡೋಸ್ಕೋಪಿ ಆಗಿತ್ತು. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿದ್ದರು, ಮಂಪರು ಕೊಟ್ಟಿರಲಿಲ್ಲ. ಓಕರಿಕೆ ಬಂತು, ಜೊಲ್ಲು ಸುರಿಯಿತು, ಕಣ್ಣಲ್ಲಿ ನೀರು. ಆ ಹೊತ್ತಿಗೆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರು ಒಳಗೆ ನೋಡುತ್ತಿದ್ದರು. "ನೋವು ಮರೆತುಹೋಗಿದೆ. ಆ ಬಾಗಿಲು ಮರೆತಿಲ್ಲ" ಅಂದರು. ಹೆಂಡತಿಗೂ ಹೇಳಿರಲಿಲ್ಲವಂತೆ. ಇಷ್ಟು ಸಣ್ಣ ವಿಷಯಕ್ಕೆ ಹೆದರುತ್ತಾರಾ ಅಂತ ನಕ್ಕರೆ ಅನ್ನುವ ಅಳುಕು.

ಪರೀಕ್ಷೆಯ ಭಯ ಅಂದ ಕೂಡಲೇ ನಾವು ನೋವಿನ ಬಗ್ಗೆ, ಇಲ್ಲವೇ ಫಲಿತಾಂಶದ ಬಗ್ಗೆ ಮಾತಾಡುತ್ತೇವೆ. ನಾಚಿಕೆಯನ್ನು ಕೇಳುವವರೇ ಇಲ್ಲ. ಗಂಡಸರ ವಿಷಯದಲ್ಲಂತೂ ಕೇಳುವುದೇ ಇಲ್ಲ. "ದಿನಾ ನೋಡ್ತಾರೆ" ಅನ್ನುವ ಮಾತಿನಿಂದ ನೋಡುವವರಿಗೆ ಸಮಾಧಾನ ಆಗಬಹುದು. ಮಲಗಿರುವವರ ಮುಜುಗರ ಅದರಿಂದ ಹೋಗುವುದಿಲ್ಲ. ಆ ಮಾತನ್ನು ನಾನು ಅವತ್ತಿನಿಂದ ಬಿಟ್ಟಿದ್ದೇನೆ.

"ಈಗ ಆ ಕೋಣೆ ಬಗ್ಗೆ ನಿಮಗೆ ಏನು ಗೊತ್ತಾಗಬೇಕು?" ಅಂತ ಕೇಳಿದೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಬಾಗಿಲು ಮುಚ್ಚಿರುತ್ತಾ? ನನ್ನ ಬೆನ್ನ ಹಿಂದೆ ಎಷ್ಟು ಜನ ಇರ್ತಾರೆ? ಕಲಿಯಲು ಬಂದವರು ನಿಂತಿರ್ತಾರಾ, ಬೇಡ ಅನ್ನಬಹುದಾ? ಎಷ್ಟು ಭಾಗ ಹೊದಿಸ್ತೀರಿ? ಮಂಪರು ಬಂದ ಮೇಲೆ ಬಟ್ಟೆ ಸರಿಸ್ತೀರಾ, ಮೊದಲೇನಾ? ನಡುವೆ ಎಚ್ಚರ ಆದರೆ ನಿಲ್ಲಿಸಿ ಅಂತ ಹೇಳೋಕೆ ಆಗುತ್ತಾ? ಹಿಂಭಾಗ ಮಾತ್ರ ತೆರೆದಿರುವ, ಒಮ್ಮೆ ಬಳಸಿ ಎಸೆಯುವ ಚಡ್ಡಿ ಕೆಲವು ಕಡೆ ಸಿಗುತ್ತದೆ ಎಂದು ನಾನು ಹೇಳಿದೆ. ಅದನ್ನೂ ಪಟ್ಟಿಗೆ ಸೇರಿಸಿಕೊಂಡರು. ಮಧುಮೇಹದ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ವೈದ್ಯರಿಗೆ ಮುಂಚೆಯೇ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಅದನ್ನೂ ಬರೆಸಿದೆ.

ಇನ್ನೊಂದು ಷರತ್ತು ಹಾಕಿದೆ. ಇಲ್ಲೇ, ಈಗಲೇ ಆಸ್ಪತ್ರೆಗೆ ಫೋನ್ ಮಾಡಿ ದಿನ ತೆಗೆದುಕೊಳ್ಳಬೇಕು. ಭಯ ಹೋದ ಮೇಲೆ ಹೋಗ್ತೀನಿ ಅಂತ ಕಾದರೆ ಭಯವೂ ಹೋಗುವುದಿಲ್ಲ, ಇವರೂ ಹೋಗುವುದಿಲ್ಲ. ಒಂದೊಂದು ಸಲ ರದ್ದು ಮಾಡಿದಾಗಲೂ ಎದೆ ಹಗುರ ಆಗುತ್ತದೆ. ಆ ಹಗುರವೇ ಮುಂದಿನ ಸಲದ ಭಯಕ್ಕೆ ಗೊಬ್ಬರ. ಮಲದಲ್ಲಿ ರಕ್ತ ಕಂಡವರಿಗೆ ತಿಂಗಳುಗಟ್ಟಲೆ ಸಮಾಧಾನ ಹೇಳುತ್ತಾ ಕೂರುವುದು ತಪ್ಪು. ಆಪ್ತಸಲಹೆಯೇ ಮುಂದೂಡುವುದಕ್ಕೆ ನೆಪ ಆಗಬಾರದು. ಎರಡು ವಾರದ ಆಚೆಗೆ ದಿನ ಸಿಕ್ಕಿತು.

ಮಗಳಿಗೆ ನನ್ನ ಮೇಲೆ ಬೇಸರವಾಯಿತು. "ನೀವಾದ್ರೂ ಅಪ್ಪನಿಗೆ ಗಟ್ಟಿಯಾಗಿ ಬೈತೀರಿ ಅಂದ್ಕೊಂಡಿದ್ದೆ, ನೀವು ಪಟ್ಟಿ ಬರೆಸಿ ಕಳಿಸ್ತಿದ್ದೀರಿ." ಪರಿಚಯದ ವೈದ್ಯರೊಬ್ಬರೂ ಕೇಳಿದರು, ಪ್ರತಿಯೊಬ್ಬರೂ ಹೀಗೆ ಪಟ್ಟಿ ತಂದರೆ ನಮ್ಮ ಕೆಲಸ ಆಗುತ್ತಾ ಅಂತ. ಅವರ ಒತ್ತಡ ನನಗೆ ಅರ್ಥ ಆಗುತ್ತದೆ. ಆದರೆ ಪಟ್ಟಿ ಓದಲು ಬೇಕಾಗುವುದು ಎರಡು ನಿಮಿಷ. ಕೊನೆಯ ಗಳಿಗೆಯಲ್ಲಿ ಒಬ್ಬರು ಬಾರದಿದ್ದರೆ ಖಾಲಿ ಹೋಗುವುದು ಅರ್ಧ ಗಂಟೆ. ಆ ಅರ್ಧ ಗಂಟೆಗಾಗಿ ಬೇರೆ ಯಾರೋ ಕಾಯುತ್ತಿರುತ್ತಾರೆ. ಇನ್ನು ಬೈಯುವುದು. ಅವರಿಗೆ ಮನೆಯಲ್ಲಿ ಆಗಲೇ ಬೇಕಾದಷ್ಟು ಬೈಗುಳ ಸಿಕ್ಕಿತ್ತು. ಬೈದರೆ ಹೋಗುವವರಾಗಿದ್ದರೆ ಎಂದೋ ಹೋಗುತ್ತಿದ್ದರು.

ಪಟ್ಟಿಯನ್ನು ಎರಡು ದಿನ ಮೊದಲೇ ಆಸ್ಪತ್ರೆಗೆ ಕೊಟ್ಟು ಬಂದರು. ಔಷಧಿಯನ್ನು ತಣ್ಣಗೆ ಮಾಡಿ ಸ್ಟ್ರಾ ಹಾಕಿ ಕುಡಿದರು. ಎರಡು ಸಣ್ಣ ಪಾಲಿಪ್ ಸಿಕ್ಕವು, ಅಲ್ಲೇ ತೆಗೆದರು. ಲ್ಯಾಬ್ ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಮತ್ತೆ ಯಾವಾಗ ಪರೀಕ್ಷೆ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಅವತ್ತಿನ ಬಗ್ಗೆ ಅವರು ನನಗೆ ಹೇಳಿದ್ದು ಒಂದೇ ಮಾತು: "ನರ್ಸ್ ಹೋಗಿ ಬಾಗಿಲು ಹಾಕಿದ ಸದ್ದು ಕೇಳಿಸ್ತು ಮೇಡಂ. ಆಮೇಲೆ ನೆನಪಿಲ್ಲ."

ನೆನಪಿನ ಬಗ್ಗೆ ಇಲ್ಲಿ ಹೇಳಲೇಬೇಕು. ಕೊಲೊನೋಸ್ಕೋಪಿ ಮಾಡಿಸಿಕೊಂಡವರ ಮೇಲೆಯೇ ವೈದ್ಯ ಡೊನಾಲ್ಡ್ ರೆಡೆಲ್ಮಯರ್ ಮತ್ತು ಮನಃಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಎಷ್ಟು ಹೊತ್ತು ನೋವಿತ್ತು ಅನ್ನುವುದು ಜನರ ನೆನಪಿನಲ್ಲಿ ಹೆಚ್ಚು ಲೆಕ್ಕಕ್ಕೆ ಬರಲಿಲ್ಲ. ಅತಿ ಕಷ್ಟದ ಗಳಿಗೆ ಮತ್ತು ಕೊನೆಯ ಕೆಲವು ನಿಮಿಷ, ಇವೆರಡೇ ನೆನಪನ್ನು ಹೆಚ್ಚಾಗಿ ತೀರ್ಮಾನಿಸಿದವು. 2003ರಲ್ಲಿ 682 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಅರ್ಧದಷ್ಟು ಜನರಿಗೆ ಕೊನೆಯಲ್ಲಿ ಕೊಳವೆಯನ್ನು ಅಲುಗಿಸದೆ ಸ್ವಲ್ಪ ಹೊತ್ತು ಹಾಗೇ ಬಿಟ್ಟರು. ಪರೀಕ್ಷೆ ಉದ್ದವಾದರೂ ಅವರಿಗೆ ಅದು ಅಷ್ಟು ಕಷ್ಟ ಅನ್ನಿಸಿರಲಿಲ್ಲ. ಅದಕ್ಕೇ ನಾನು ಕೊನೆಯ ಅರ್ಧ ಗಂಟೆಯ ಬಗ್ಗೆಯೂ ಯೋಚಿಸಿ ಅನ್ನುತ್ತೇನೆ. ಎದ್ದಾಗ ಪಕ್ಕದಲ್ಲಿ ಯಾರಿರಬೇಕು? ಯಾರ ಜೊತೆ ಮನೆಗೆ ಹೋಗುತ್ತೀರಿ? ಮಂಪರು ಕೊಟ್ಟ ದಿನ ಗಾಡಿ ಓಡಿಸಬಾರದು, ಮುಖ್ಯವಾದ ಕಾಗದಗಳಿಗೆ ಸಹಿ ಹಾಕಬಾರದು. ಹಾಗಾಗಿ ಜೊತೆಗೊಬ್ಬರು ಬೇಕೇ ಬೇಕು.

ಎಲ್ಲ ಭಯಕ್ಕೂ ಒಂದೇ ಮದ್ದು ಇಲ್ಲ. ರಕ್ತ ಕೊಡುವಾಗ ತಲೆ ತಿರುಗಿ ಬೀಳುವವರಿಗೆ "ರಿಲ್ಯಾಕ್ಸ್ ಆಗಿ" ಅನ್ನುವುದು ತಪ್ಪು ಸಲಹೆ. ಅವರ ರಕ್ತದೊತ್ತಡ ಏಕಾಏಕಿ ಇಳಿಯುತ್ತದೆ. ಅವರು ಕೈ, ಕಾಲು, ಹೊಟ್ಟೆಯ ಸ್ನಾಯು ಬಿಗಿ ಹಿಡಿಯಬೇಕು, ಹತ್ತು ಹದಿನೈದು ಸೆಕೆಂಡು. ಸ್ವಲ್ಪ ಬಿಟ್ಟು ಮತ್ತೆ ಬಿಗಿ ಹಿಡಿಯಬೇಕು. ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲ ಬಿಡಬೇಕು. ಎಂಆರ್‌ಐಗೆ ಹೆದರುವವರಿಗೆ ಕೈಯಲ್ಲಿ ಒತ್ತುವ ಕರೆಗಂಟೆ ಕೊಡುತ್ತಾರೆ. ಯಂತ್ರದೊಳಗೆ ಹೋಗುವ ಮುಂಚೆ ಒಮ್ಮೆ ಒತ್ತಿ, ಯಾರು ಓಗೊಡುತ್ತಾರೆ ಅಂತ ನೋಡಿಕೊಳ್ಳಿ ಅನ್ನುತ್ತೇನೆ. ಫಲಿತಾಂಶಕ್ಕೆ ಹೆದರುವವರು ವರದಿ ಯಾವ ದಿನ ಬರುತ್ತದೆ, ಯಾರು ಹೇಳುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ರಾತ್ರಿ ಒಬ್ಬರೇ ಕೂತು ಮೊಬೈಲಿನಲ್ಲಿ ವರದಿ ತೆರೆಯಬಾರದು.

ಆ ಪಟ್ಟಿಯ ನಕಲು ನನ್ನ ಮೇಜಿನ ಡ್ರಾಯರಿನಲ್ಲಿದೆ. ಹೆಸರು ತೆಗೆದು, ಅವರ ಒಪ್ಪಿಗೆಯಿಂದಲೇ ಇಟ್ಟುಕೊಂಡಿದ್ದೇನೆ. ಮೊನ್ನೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಮಗ ಹೊರಗಿದ್ದಾನೆ ಅಂತ ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹೇಳಿದರು: "ಇನ್ನೊಂದು ಬರಿಯಮ್ಮ. ಹಲ್ಲಿನ ಸೆಟ್ಟು ತೆಗೆಸ್ತಾರಂತೆ. ಅದನ್ನ ವಾಪಸ್ ಹಾಕ್ಕೊಂಡ ಮೇಲೇ ನನ್ನ ಮಗನ್ನ ಒಳಗೆ ಬಿಡಬೇಕು."