ಪಿನ್‌ಬಾಲ್ ಮಷಿನ್ ಕೊಳ್ಳುವ ಮೊದಲು ಗಾಜು ತೆಗೆಸಿ ನೋಡಿ

ಪ್ರಶ್ನೆ: ನಮ್ಮ ಮನೆ ಚಿಕ್ಕಮಗಳೂರಿನಲ್ಲಿದೆ. ಮಹಡಿಯಲ್ಲಿ ಒಂದು ರೂಮು ಖಾಲಿ ಇದೆ. ಬೆಂಗಳೂರಿನಲ್ಲಿ ಒಬ್ಬರು 1990ರ ದಶಕದ ಅಮೆರಿಕದ ಪಿನ್‌ಬಾಲ್ ಮಷಿನ್ ಮಾರುತ್ತಿದ್ದಾರೆ. ನನಗೆ ಅದರ ಹುಚ್ಚೇನಿಲ್ಲ, ರಿಪೇರಿಯೂ ಗೊತ್ತಿಲ್ಲ. ಮಕ್ಕಳು, ನೆಂಟರು ಬಂದಾಗ ಆಡಲಿ ಅಂತ ಅಷ್ಟೇ. ತೆಗೆದುಕೊಳ್ಳಬಹುದಾ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಧಾರಾಳವಾಗಿ ತೆಗೆದುಕೊಳ್ಳಿ. ಆದರೆ ಕೆಟ್ಟರೆ ನೋಡುವವರು ಯಾರು ಅನ್ನುವುದು ಮೊದಲೇ ಇತ್ಯರ್ಥವಾಗಲಿ. ಪಿನ್‌ಬಾಲ್ ಅಂದರೆ ಗಾಜಿನ ಕೆಳಗಿನ ಇಳಿಜಾರು ಹಲಗೆಯ ಮೇಲೆ ಗುಂಡು ಹೊಡೆಯುವ ಆಟ. ಸುಮಾರು 80 ಗ್ರಾಂ ತೂಕದ ಉಕ್ಕಿನ ಗುಂಡು ಒಳಗೆ ಓಡಾಡಿ ಬಡಿಯುತ್ತಲೇ ಇರುತ್ತದೆ. ರಬ್ಬರ್ ಸವೆಯುತ್ತದೆ, ಸ್ವಿಚ್ ಸಡಿಲವಾಗುತ್ತದೆ, ಬಲ್ಬ್ ಹೋಗುತ್ತದೆ. ಹವ್ಯಾಸಿಗಳಿಗೆ ಅದನ್ನು ಸರಿ ಮಾಡುವುದೇ ಖುಷಿ, ನಿಮಗೆ ತಲೆನೋವು. ಮಾರುವವರು ಆಮೇಲೂ ಬಂದು ನೋಡುತ್ತಾರಾ? ಇಲ್ಲವೇ ನಿಮ್ಮೂರಿನ ಎಲೆಕ್ಟ್ರಾನಿಕ್ಸ್ ರಿಪೇರಿಯವರು ಕೈ ಹಾಕಲು ಒಪ್ಪುತ್ತಾರಾ? ಎರಡೂ ಇಲ್ಲ ಎಂದಾದರೆ ಎಷ್ಟು ಕಡಿಮೆಗೆ ಸಿಕ್ಕರೂ ಬೇಡ.

ನೋಡಲು ಹೋದಾಗ ಅರ್ಧ ಗಂಟೆಯಾದರೂ ಬಿಡದೆ ಆಡಿ. ಗುಂಡನ್ನು ಹೊಡೆಯುವ ಚಿಕ್ಕ ಕೈಗಳಿಗೆ ಫ್ಲಿಪ್ಪರ್ ಅನ್ನುತ್ತಾರೆ. ಅವನ್ನು ಆಡಿಸುವ ಕಾಯಿಲ್ ಬಿಸಿಯಾದ ಮೇಲೆ ಹೊಡೆತ ತೀರಾ ಸಪ್ಪೆಯಾದರೆ ಅಲ್ಲಿ ಕೆಲಸವಿದೆ ಅಂತ ಅರ್ಥ. ಆಮೇಲೆ ಸ್ವಿಚ್ ಆಫ್ ಮಾಡಿಸಿ, ಗಾಜು ತೆಗೆಸಿ. ಮುಂದಿನ ಚಿಕ್ಕ ಬಾಗಿಲು ತೆರೆದು ಒಳಗಿನ ಲಿವರ್ ಎಳೆದರೆ ಮೇಲಿನ ಪಟ್ಟಿ ಬಿಡುತ್ತದೆ, ಗಾಜು ಜಾರಿ ಬರುತ್ತದೆ. ಅದನ್ನು ಟೈಲ್ಸ್ ಮೇಲೆ ಮೂಲೆ ತಾಗುವ ಹಾಗೆ ಇಡಬೇಡಿ, ಒಂದೇ ಏಟಿಗೆ ಪುಡಿಯಾಗುತ್ತದೆ. ಆಟದ ಹಲಗೆಯನ್ನು ಎತ್ತಿಸಿ ಕೆಳಗಿನ ವೈರಿಂಗ್ ನೋಡಿ. ಸುಟ್ಟ ಕಲೆ, ಎಲ್ಲೆಲ್ಲೋ ಟೇಪ್ ಸುತ್ತಿದ್ದು ಕಂಡರೆ ಹಿಂದೆ ಸರಿಯಿರಿ.

ಇನ್ನು ಹಿಂದೆ ನಿಂತಿರುವ ಬಾಕ್ಸ್. ಆ ಕಾಲದ ವಿಲಿಯಮ್ಸ್, ಬ್ಯಾಲಿ ಕಂಪನಿಗಳ ಮಷಿನ್‌ಗಳಲ್ಲಿ ಸರ್ಕ್ಯೂಟ್ ಬೋರ್ಡ್ ಮೇಲೇ ಮೂರು ಪೆನ್ಸಿಲ್ ಸೆಲ್ ಇರುತ್ತವೆ. ಅವು ಸೋರಿದರೆ ಬೋರ್ಡನ್ನೇ ತಿಂದುಹಾಕುತ್ತವೆ. ಸೆಲ್ ಸುತ್ತ ಹಸಿರು, ಬಿಳಿ ಪುಡಿ ಕೂತಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಪುಡಿ ಕಂಡರೆ ಬೋರ್ಡ್ ರಿಪೇರಿ ಮಾಡಿಸಿ ಕೊಡಲಿ, ಇಲ್ಲವೇ ಬೇಡ ಅನ್ನಿ. ಕೊಂಡ ಮೇಲೆ ವರ್ಷಕ್ಕೊಮ್ಮೆ ಸೆಲ್ ಬದಲಿಸಿ. ಜೂನ್‌ನಿಂದ ನಿಮ್ಮ ಕಡೆ ಎಷ್ಟು ಥಂಡಿ ಅಂತ ನಿಮಗೇ ಗೊತ್ತಲ್ವಾ? ಹಾಗಾಗಿ ಮಳೆಗಾಲಕ್ಕೆ ಮುಂಚೆಯೇ ಮಾಡಿಬಿಡಿ. ಹಲಗೆ ಪ್ಲೈವುಡ್‌ದು. ಒದ್ದೆ ಬಟ್ಟೆ, ಫಿನೈಲ್ ತಾಗಿಸಬಾರದು, ಒಣ ಮೆತ್ತನೆ ಬಟ್ಟೆ ಸಾಕು.

ಕರೆಂಟ್ ವಿಷಯದಲ್ಲಿ ಹುಷಾರು. ಅಮೆರಿಕದ್ದು 120 ವೋಲ್ಟ್, ನಮ್ಮದು 230. ಒಳಗಿನ ಟ್ರಾನ್ಸ್‌ಫಾರ್ಮರ್ ಕನೆಕ್ಷನ್ ಇಲ್ಲಿಗೆ ತಕ್ಕಂತೆ ಬದಲಾಗಿದೆಯಾ, ಇಲ್ಲ ವೋಲ್ಟೇಜ್ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾ ಅಂತ ಕೇಳಿಯೇ ಪ್ಲಗ್ ಹಾಕಿ. ಆಡುವಾಗ ಎರಡೂ ಕೈ ಮಷಿನ್‌ನ ಲೋಹದ ಅಂಚಿನ ಮೇಲಿರುತ್ತವೆ, ಅದೂ ಮಕ್ಕಳ ಕೈ. ಆದ್ದರಿಂದ ಎಲೆಕ್ಟ್ರಿಷಿಯನ್ ಕರೆಸಿ ಆ ರೂಮಿನ ಅರ್ತಿಂಗ್ ಪರೀಕ್ಷೆ ಮಾಡಿಸದೆ ಮಷಿನ್ ಮನೆಗೆ ತರಬೇಡಿ. ಫ್ಯೂಸ್ ಹೋದರೆ ಅದೇ ಅಳತೆಯದ್ದೇ ಹಾಕಿ. ತಂತಿ ಸುತ್ತಿ ಕೆಲಸ ಸಾಗಿಸಿದರೆ ಕಾಯಿಲ್ ಸುಡುತ್ತದೆ, ಬೆಂಕಿಯೂ ಹತ್ತಬಹುದು.

ಹೊಸದು? ಸ್ಟರ್ನ್ ಕಂಪನಿಯ ಸಾಮಾನ್ಯ ಮಾಡೆಲ್‌ಗೇ ಅಮೆರಿಕದಲ್ಲಿ ಸುಮಾರು 7,000 ಡಾಲರ್. ಹಡಗಿನ ಖರ್ಚು, ಕಸ್ಟಮ್ಸ್ ಬೇರೆ. ಆಗೊಮ್ಮೆ ಈಗೊಮ್ಮೆ ಆಡಲು ಅದು ಜಾಸ್ತಿಯಾಯಿತು. 1970ರ ದಶಕದ, ರಿಲೇ ಎಂಬ ವಿದ್ಯುತ್ ಸ್ವಿಚ್‌ಗಳಿಂದ ನಡೆಯುವ ಮಷಿನ್ ಕಡೆ ಹೋಗಲೇಬೇಡಿ. ಅದರ ಲೆಕ್ಕವಿಲ್ಲದಷ್ಟು ಕಾಂಟ್ಯಾಕ್ಟ್‌ಗಳನ್ನು ಮಲೆನಾಡಿನ ತೇವದಲ್ಲಿ ಉಜ್ಜುತ್ತಾ ಕೂರಬೇಕಾಗುತ್ತದೆ.

ಮಹಡಿ ರೂಮಿನ ಬಗ್ಗೆ: ತೂಕ 110ರಿಂದ 130 ಕೆಜಿ. ಕಾಲು ಬಿಚ್ಚಿ, ಹಿಂದಿನ ಬಾಕ್ಸ್ ಮಡಚಿದರೂ ಉದ್ದ ನಾಲ್ಕೂವರೆ ಅಡಿ ದಾಟುತ್ತದೆ. ಮೆಟ್ಟಿಲಿನ ತಿರುವನ್ನು ಇವತ್ತೇ ಅಳೆಯಿರಿ. ಕೆಳಗೆ ಜಾಗವಿದ್ದರೆ ಕೆಳಗೇ ಇಡುವುದು ಒಳ್ಳೆಯದು. ಇಟ್ಟ ಮೇಲೆ ಎಡಬಲ ಸಮವಾಗಿ, ಹಿಂದಿನಿಂದ ಮುಂದಕ್ಕೆ ಸುಮಾರು 6.5 ಡಿಗ್ರಿ ಇಳಿಜಾರು ಬರುವ ಹಾಗೆ ಕಾಲಿನ ಬೋಲ್ಟ್ ತಿರುಗಿಸಿ. ಮೊಬೈಲ್‌ನ ಲೆವೆಲ್ ಆ್ಯಪ್‌ನಲ್ಲೇ ನೋಡಿಕೊಳ್ಳಬಹುದು.