10 ಗ್ರಾಂ ಹೈಡ್ರೋಜನ್, 64 ಗ್ರಾಂ ಆಕ್ಸಿಜನ್ ಸೇರಿದರೆ ಎಷ್ಟು ನೀರು? ಮೊದಲು ಮುಗಿಯುವುದು ಯಾವುದು?

72 ಗ್ರಾಂ ನೀರು. ಮೊದಲು ಮುಗಿಯುವುದು ಆಕ್ಸಿಜನ್. ಲಿಮಿಟಿಂಗ್ ರಿಯಾಕ್ಟೆಂಟ್ ಅನ್ನುವುದು ಅದನ್ನೇ. ತೂಕದಲ್ಲಿ ಅದೇ ಜಾಸ್ತಿ ಇದೆ, ಅಲ್ವಾ? ಆದರೆ ಅಣುಗಳು ಕೂಡುವುದು ಎಣಿಕೆಯ ಪ್ರಕಾರ, ತೂಕದ ಪ್ರಕಾರ ಅಲ್ಲ. ಎರಡು ಹೈಡ್ರೋಜನ್ ಅಣುವಿಗೆ ಒಂದು ಆಕ್ಸಿಜನ್ ಅಣು ಬೇಕು; ಸೇರಿ ಎರಡು ನೀರಿನ ಅಣು ಆಗುತ್ತವೆ.

ಹಾಗಾಗಿ ಮೊದಲು ಗ್ರಾಂಗಳನ್ನು ಮೋಲ್‌ಗೆ ಬದಲಿಸಿ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಅಣುಗಳನ್ನು ಎಣಿಸುವ ಒಂದು ಅಳತೆ. ಒಂದು ಮೋಲ್ ಹೈಡ್ರೋಜನ್ 2 ಗ್ರಾಂ ತೂಗುತ್ತದೆ, ಆಕ್ಸಿಜನ್ 32 ಗ್ರಾಂ, ನೀರು 18 ಗ್ರಾಂ. ಹಾಗಾಗಿ ಹೈಡ್ರೋಜನ್ 10 ÷ 2 = 5 ಮೋಲ್. ಆಕ್ಸಿಜನ್ 64 ÷ 32 = 2 ಮೋಲ್. ಈ 2 ಮೋಲ್‌ಗೆ 4 ಮೋಲ್ ಹೈಡ್ರೋಜನ್ ಸಾಕು. ಇನ್ನೊಂದು ಮೋಲ್, ಅಂದರೆ 2 ಗ್ರಾಂ, ಸುಮ್ನೆ ಉಳಿಯುತ್ತದೆ. ಹುಟ್ಟುವುದು 4 ಮೋಲ್ ನೀರು: 4 × 18 = 72 ಗ್ರಾಂ.

ಪ್ರಯೋಗದಲ್ಲಿ 63 ಗ್ರಾಂ ಮಾತ್ರ ಸಿಕ್ಕಿತು ಅನ್ನಿ, ಆಗ ಇಳುವರಿ, ಅಂದರೆ ಸಿಗಬೇಕಾದದ್ದರಲ್ಲಿ ನಿಜವಾಗಿ ಸಿಕ್ಕ ಪಾಲು, 63 ÷ 72 = ಶೇ 87.5.